ಮಾರತ್ತಹಳ್ಳಿಯ ಲಂಟಾನ: ದನದ ಬೇಲಿಯಿಂದ ನಾಯಿಯ ದಾರಿಗೆ

ಬೆಂಗಳೂರಿನ ಮಾರತ್ತಹಳ್ಳಿ, ಮುನ್ನೇಕೊಳಾಲದ ಕಡೆ ಖಾಲಿ ಸೈಟುಗಳಲ್ಲೂ ರೈಲು ಹಳಿಯ ಬದಿಯಲ್ಲೂ ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಗುಲಾಬಿ ಬಣ್ಣ ತೋರುವ ಲಂಟಾನ ಪರದೇಶದ ಗಿಡ. ಅದರ ತವರು ಅಮೆರಿಕದ ಉಷ್ಣವಲಯ. 17ನೇ ಶತಮಾನದಲ್ಲಿ ಡಚ್ಚರು ಅದನ್ನು ಯುರೋಪಿಗೆ ಒಯ್ದರು. ಅಲ್ಲಿನ ತೋಟಗಾರರು ತಳಿ ಬೆರೆಸಿ ಬಣ್ಣ ಹೆಚ್ಚಿಸಿದರು. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಂದಕ್ಕೆ ಅಂದವೂ ಆಯಿತು, ಬೇಲಿಗೆ ಬೇಲಿಯೂ ಆಯಿತು.

ಬೇಲಿಗೆ ಅದು ಒಗ್ಗಿದ್ದು ದನ ಬಾಯಿ ಹಾಕುವುದಿಲ್ಲ ಎಂಬ ಕಾರಣಕ್ಕೆ. ಎಲೆ ಒರಟು, ಉಜ್ಜಿದರೆ ಘಾಟು ವಾಸನೆ. ಆದರೆ ಹಣ್ಣು ಹಕ್ಕಿಗಳಿಗೆ ಪ್ರಿಯ. ಪಿಕಳಾರಗಳು ತಿಂದು ಉದುರಿಸಿದ ಬೀಜದಿಂದ ಗಿಡ ತೋಟ ದಾಟಿ ಗೋಮಾಳಕ್ಕೆ, ಅಲ್ಲಿಂದ ಕಾಡಿಗೆ ಹಬ್ಬಿತು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹುಲ್ಲು ಬೆಳೆಯುವ ಜಾಗವನ್ನು ಅದು ನುಂಗಿ ಕುಳಿತಿದೆ. 1899ರಲ್ಲಿ ಕೊಡಗಿನಲ್ಲಿ ಕಂಡ ಗಂಧದ ಮರದ ಸ್ಪೈಕ್ ರೋಗಕ್ಕೂ ಬಹುಕಾಲ ಲಂಟಾನದ ಮೇಲೆಯೇ ಶಂಕೆಯಿತ್ತು. ರೋಗ ತರುವ ಸೂಕ್ಷ್ಮಜೀವಿ 1969ರಲ್ಲಿ ಪತ್ತೆಯಾದ ಮೇಲೆ ಆ ಒಂದು ಅಪವಾದವಾದರೂ ಕಳಚಿತು.

ವಿಷದ ಮಾತು ಮಾತ್ರ ಅಪವಾದವಲ್ಲ. ಎಲೆಯಲ್ಲೂ ಹಸಿರು ಕಾಯಿಯಲ್ಲೂ ಲಂಟಡೀನ್ ಎಂಬ ಅಂಶವಿದ್ದು, ಅದು ಯಕೃತ್ತಿಗೆ ಪೆಟ್ಟು ಕೊಟ್ಟು ಪಿತ್ತದ ಹರಿವನ್ನು ತಡೆಯುತ್ತದೆ. ಬರಗಾಲದಲ್ಲಿ ಮೇವಿಲ್ಲದೆ ಎಲೆ ತಿಂದ ದನಕ್ಕೆ ಕಾಮಾಲೆ ಬರುತ್ತದೆ. ಬಿಸಿಲು ತಾಗಿದ ಕಡೆ, ಅದರಲ್ಲೂ ಮೂತಿ, ಕಿವಿ ಮತ್ತು ಬಿಳಿ ಮಚ್ಚೆಗಳ ಮೇಲೆ, ಚರ್ಮ ಕೆಂಪೇರಿ ಒಡೆದು ಸುಲಿಯುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಎಲೆ ದಿನಗಟ್ಟಲೆ ಉಳಿಯುವುದರಿಂದ ವಿಷವೂ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ.

1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಬಂದ ಮೇಲೂ ಮಾರತ್ತಹಳ್ಳಿಯ ಸುತ್ತ ಬಹುಕಾಲ ರಾಗಿ ಹೊಲ, ಕೆರೆ, ದನಗಳೇ ಇದ್ದವು. 1990ರ ದಶಕದಿಂದೀಚೆಗೆ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್, ಹೊರವರ್ತುಲ ರಸ್ತೆ ಬಂದು ಹೊಲಗಳು ಲೇಔಟಾದವು. ದನ ಕಡಿಮೆಯಾದವು, ಅಪಾರ್ಟ್‌ಮೆಂಟಿನ ಸಾಕುನಾಯಿಗಳು ಹೆಚ್ಚಿದವು. ಗಿಡ ಮಾತ್ರ ಇದ್ದಲ್ಲೇ ಇದೆ. ಸಾಲದ್ದಕ್ಕೆ ಅದರ ಗಿಡ್ಡ ತಳಿಗಳು ನರ್ಸರಿಯ ಕುಂಡದಲ್ಲಿ ಕುಳಿತು ಬಾಲ್ಕನಿ ಸೇರಿವೆ. ಬಾಲ್ಕನಿಯದೆಂದು ಅದನ್ನು ನಿರಪಾಯ ಎನ್ನುವಂತಿಲ್ಲ.

ನಾಯಿ ಹುಲ್ಲು ಮೇಯುವ ಪ್ರಾಣಿಯಲ್ಲವಾದ್ದರಿಂದ ದನದಷ್ಟು ಎಲೆ ತಿನ್ನುವುದು ಅಪರೂಪ. ಬೇಲಿಯನ್ನು ಮೂಸಿದರೆ, ಮೈ ಉಜ್ಜಿದರೆ ವಿಷವೇರುವುದಿಲ್ಲ. ಭಯವಿರುವುದು ಕಂಡದ್ದನ್ನೆಲ್ಲ ಕಚ್ಚುವ ಮರಿಗಳಿಗೆ, ಅದರಲ್ಲೂ ಹಸಿರು ಕಾಯಿಯಿಂದ. ವಾಂತಿ, ಭೇದಿ, ಮಂಕು ಮೊದಲ ಲಕ್ಷಣಗಳು. ಹೆಚ್ಚು ತಿಂದಿದ್ದರೆ ವಸಡು, ಕಣ್ಣಿನ ಬಿಳಿಭಾಗ ಹಳದಿಗೆ ತಿರುಗುತ್ತವೆ. ಇದಕ್ಕೆಂದೇ ಮದ್ದಿಲ್ಲ. ಬೇಗ ಕರೆತಂದರೆ ಪಶುವೈದ್ಯರು ಸಕ್ರಿಯ ಇದ್ದಿಲು ಕುಡಿಸಿ, ಡ್ರಿಪ್ ಹಾಕಿ, ರಕ್ತ ಪರೀಕ್ಷೆಯಿಂದ ಯಕೃತ್ತಿನ ಸ್ಥಿತಿ ನೋಡುತ್ತಾರೆ. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೊಂದು ಅಪಾಯ.

ಪೊದೆಯನ್ನು ಬರಿದೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇರು ಸಮೇತ ಕೀಳಬೇಕು. ಒಣಗಿದ ಎಲೆಯಲ್ಲೂ ವಿಷ ಉಳಿದಿರುವುದರಿಂದ ಕಿತ್ತ ರಾಶಿಯನ್ನು ನಾಯಿ, ದನ ಓಡಾಡುವಲ್ಲಿ ಬಿಡಬಾರದು.