ಫೋನ್ 5 ಗಿಗಾಹರ್ಟ್ಸ್ ವೈಫೈಯಲ್ಲಿದ್ದರೆ 2.4ರಲ್ಲಿರುವ ಪ್ರಿಂಟರ್, ಕ್ಯಾಮೆರಾ ಕೆಲಸ ಮಾಡುವುದಿಲ್ಲವೇ?

ಹೊಸ ಸ್ಮಾರ್ಟ್ ಬಲ್ಬನ್ನೋ ಬಾಗಿಲ ಕ್ಯಾಮೆರಾವನ್ನೋ ತಂದು ಫೋನಿಗೆ ಜೋಡಿಸಲು ಹೋದಾಗ ‘ಕನೆಕ್ಟ್ ಆಗಲಿಲ್ಲ’ ಎಂದು ಬಂದರೆ ಸಾಮಾನ್ಯವಾಗಿ ಸಿಗುವ ಸಲಹೆ ಇದು: “ಎರಡೂ ಒಂದೇ ಬ್ಯಾಂಡಿನಲ್ಲಿರಬೇಕು, ರೂಟರಿನ 5 ಗಿಗಾಹರ್ಟ್ಸ್ ಆಫ್ ಮಾಡಿಬಿಡಿ.” “ಒಮ್ಮೆ ಪಾಸ್‌ವರ್ಡ್ ತೆಗೆದು ನೋಡಿ” ಎನ್ನುವವರೂ ಇದ್ದಾರೆ. ಇದರಲ್ಲಿ ನಿಜವೆಷ್ಟು?

ಚುಟುಕಾಗಿ ಹೇಳುವುದಾದರೆ

ಎರಡೂ ಸಾಧನಗಳು ಒಂದೇ ಬ್ಯಾಂಡಿನಲ್ಲಿ ಇರಬೇಕಿಲ್ಲ, ಒಂದೇ ಮನೆ-ನೆಟ್‌ವರ್ಕಿನಲ್ಲಿ ಇದ್ದರೆ ಸಾಕು. ಮೊದಲ ಬಾರಿ ಜೋಡಿಸುವಾಗ ಮಾತ್ರ ಬ್ಯಾಂಡ್ ಅಡ್ಡಿಯಾಗಬಹುದು. ಪಾಸ್‌ವರ್ಡ್ ತೆಗೆಯುವ ಸಲಹೆಯಂತೂ ಅಪಾಯಕಾರಿ.

ಎರಡು ಬ್ಯಾಂಡ್ ಏಕೆ?

2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆ ದಾಟಿ ಹೆಚ್ಚು ದೂರ ಹೋಗುತ್ತದೆ, ಆದರೆ ವೇಗ ಕಡಿಮೆ. ಬ್ಲೂಟೂತ್, ಮೈಕ್ರೋವೇವ್ ಓವನ್, ಪಕ್ಕದ ಮನೆಗಳ ವೈಫೈ ಎಲ್ಲವೂ ಇಲ್ಲೇ ಇರುವುದರಿಂದ ಗದ್ದಲವೂ ಜಾಸ್ತಿ. 5 ಗಿಗಾಹರ್ಟ್ಸ್ ತರಂಗದ ಉದ್ದ ಇದರ ಅರ್ಧಕ್ಕಿಂತ ಕಡಿಮೆ. ವೇಗ ಹೆಚ್ಚು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ಬಲ್ಬು, ಪ್ಲಗ್ಗಿಗೆ ವೇಗ ಬೇಕಿಲ್ಲ, ಬೆಲೆಯೂ ಕಡಿಮೆ ಇರಬೇಕು. ಆದ್ದರಿಂದ ಅವುಗಳಲ್ಲಿ ಹೆಚ್ಚಿನವು 2.4ಕ್ಕೆ ಮಾತ್ರ ಸ್ಪಂದಿಸುತ್ತವೆ.

ಹಾಗಾದರೆ ಫೋನ್ ಬಲ್ಬಿನ ಜೊತೆ ಮಾತಾಡುವುದು ಹೇಗೆ?

ನಡುವೆ ರೂಟರ್ ಇದೆ. ಎರಡು ಬ್ಯಾಂಡ್ ಎಂದರೆ ಒಂದೇ ಮನೆಗೆ ಎರಡು ಬಾಗಿಲಿದ್ದಂತೆ. ನೀವು ಮುಂಬಾಗಿಲಿಂದ ಬಂದರೂ, ಬಲ್ಬ್ ಹಿತ್ತಿಲ ಬಾಗಿಲಿಂದ ಬಂದರೂ ಸೇರುವುದು ಒಂದೇ ನಡುಮನೆಗೆ. ಫೋನ್ 5ರಲ್ಲಿ ಕಳಿಸಿದ್ದನ್ನು ರೂಟರ್ ತೆಗೆದುಕೊಂಡು 2.4ರಲ್ಲಿ ಬಲ್ಬಿಗೆ ತಲುಪಿಸುತ್ತದೆ. ಆಫೀಸಿನಲ್ಲಿ ಕುಳಿತು ಮೊಬೈಲ್ ಡೇಟಾದಲ್ಲೇ ಎಷ್ಟೋ ಜನ ಮನೆಯ ಕ್ಯಾಮೆರಾ ನೋಡುತ್ತಾರಲ್ಲವೇ? ಅಲ್ಲಿ ಫೋನ್ ಮನೆಯ ವೈಫೈಯಲ್ಲೇ ಇರುವುದಿಲ್ಲ!

ಮತ್ತೆ ಕನೆಕ್ಟ್ ಆಗದಿರುವುದೇಕೆ?

1. ಮೊದಲ ಜೋಡಣೆ: ಹಲವು ಆ್ಯಪ್‌ಗಳು ಫೋನ್ ಆಗ ಬಳಸುತ್ತಿರುವ ವೈಫೈ ಹೆಸರು, ಪಾಸ್‌ವರ್ಡನ್ನೇ ಸಾಧನಕ್ಕೆ ಕೊಡುತ್ತವೆ. ಅದು 5ರ ಹೆಸರಾಗಿದ್ದರೆ ಬಲ್ಬಿಗೆ ಅದು ಕಾಣುವುದೇ ಇಲ್ಲ. ಫೋನನ್ನು 2.4ರ ಹೆಸರಿಗೆ ಬದಲಿಸಿ ಜೋಡಿಸಿ. ಎರಡಕ್ಕೂ ಒಂದೇ ಹೆಸರಿದ್ದು ತೊಂದರೆಯಾದರೆ ಐದು ನಿಮಿಷ 5 ಗಿಗಾಹರ್ಟ್ಸ್ ಆಫ್ ಮಾಡಿ. ಕೆಲಸ ಮುಗಿದ ಮೇಲೆ ಮತ್ತೆ ಆನ್ ಮಾಡಲು ಮರೆಯಬೇಡಿ.

2. ಗೆಸ್ಟ್ ನೆಟ್‌ವರ್ಕ್: ನೆಂಟರಿಗೆಂದು ಇರುವ ಗೆಸ್ಟ್ ವೈಫೈ ಸಾಮಾನ್ಯವಾಗಿ ಮನೆಯ ಇತರ ಸಾಧನಗಳನ್ನು ಮುಟ್ಟಲು ಬಿಡುವುದಿಲ್ಲ. ಪ್ರಿಂಟರ್ ಒಂದರಲ್ಲಿ, ಫೋನ್ ಇನ್ನೊಂದರಲ್ಲಿ ಇದ್ದರೆ ಪ್ರಿಂಟ್ ಬರುವುದಿಲ್ಲ. ರೂಟರಿನಲ್ಲಿ ‘ಎಪಿ ಐಸೊಲೇಶನ್’ ಆನ್ ಆಗಿದ್ದರೂ ಇದೇ ಕಥೆ.

3. ಎರಡು ರೂಟರ್: ಫೈಬರ್ ಕಂಪನಿಯವರು ಕೂರಿಸಿದ್ದು ಒಂದು, ಮಹಡಿಗೆಂದು ನೀವು ತಂದದ್ದು ಇನ್ನೊಂದು. ಹಾಗಿದ್ದಾಗ ಮನೆಯಲ್ಲಿ ಎರಡು ಬೇರೆ ನೆಟ್‌ವರ್ಕ್ ಆಗಿರಬಹುದು. ಫೋನ್ ಮತ್ತು ಪ್ರಿಂಟರಿನ ಐಪಿ ವಿಳಾಸ ನೋಡಿ. ಒಂದು 192.168.1 ಎಂದೂ ಇನ್ನೊಂದು 192.168.0 ಎಂದೂ ಆರಂಭವಾದರೆ ಅವು ಬಹುತೇಕ ಬೇರೆ ನೆಟ್‌ವರ್ಕಿನಲ್ಲಿವೆ. ಎರಡನೆಯ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಮೋಡಿಗೆ ಬದಲಿಸಿದರೆ ಸರಿಹೋಗುತ್ತದೆ.

4. ಸುರಕ್ಷತೆಯ ಮಟ್ಟ: ರೂಟರಿನಲ್ಲಿ ಡಬ್ಲ್ಯುಪಿಎ3 ಮಾತ್ರ ಆಯ್ದುಕೊಂಡಿದ್ದರೆ ಹಳೆಯ ಸಾಧನಗಳು ಒಳಬರಲಾರವು. ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇಡಿ.

5 ಗಿಗಾಹರ್ಟ್ಸ್ ಎಂದರೆ 5ಜಿಯೇ?

ಅಲ್ಲ. 5ಜಿ ಎಂದರೆ ಮೊಬೈಲ್ ಸೇವೆಯ ಐದನೇ ತಲೆಮಾರು. ಭಾರತದಲ್ಲಿ ಅದು ಶುರುವಾದದ್ದು 2022ರ ಅಕ್ಟೋಬರ್ 1ರಂದು. 5 ಗಿಗಾಹರ್ಟ್ಸ್ ವೈಫೈ ಅದಕ್ಕೂ ಎಷ್ಟೋ ಮೊದಲಿನದು. ಹೆಸರಿನ ಗೊಂದಲದಿಂದ ‘ಮನೆಯಲ್ಲಿ 5ಜಿ ವಿಕಿರಣ’ ಎಂದು ಹೆದರಿ ಇದನ್ನು ಆಫ್ ಮಾಡಬೇಕಿಲ್ಲ. 2.4 ಆಗಲಿ 5 ಆಗಲಿ, ಎಕ್ಸ್-ರೇಯಂತೆ ಡಿಎನ್‌ಎ ಬಂಧಗಳನ್ನು ಮುರಿಯುವಷ್ಟು ಶಕ್ತಿಯ ಕಿರಣಗಳಲ್ಲ.

ಪಾಸ್‌ವರ್ಡ್ ತೆಗೆದರೆ ಏನಾಗುತ್ತದೆ?

ಪಾಸ್‌ವರ್ಡ್ ಇಲ್ಲದ ವೈಫೈಯಲ್ಲಿ ಬೀದಿಯವರೂ ನಿಮ್ಮ ನೆಟ್‌ವರ್ಕಿನ ಒಳಗೇ ಇದ್ದಂತೆ, ನಿಮ್ಮ ಕ್ಯಾಮೆರಾ, ಪ್ರಿಂಟರ್ ಇರುವ ಜಾಗದಲ್ಲೇ. 2008ರ ಜುಲೈನಲ್ಲಿ ಅಹಮದಾಬಾದ್ ಸರಣಿ ಸ್ಫೋಟಗಳ ಹೊಣೆ ಹೊತ್ತ ಇಮೇಲ್ ನವಿ ಮುಂಬೈ ನಿವಾಸಿಯೊಬ್ಬರ ರಕ್ಷಣೆಯಿಲ್ಲದ ವೈಫೈ ಮೂಲಕ ಹೋಗಿತ್ತು. ಕಳಿಸಿದವರು ಬೇರೆಯವರಾದರೂ ಪೊಲೀಸರು ಮೊದಲು ತಲುಪಿದ್ದು ಆ ಮನೆಯನ್ನು. ಬಲ್ಬ್ ಉರಿಯಲೆಂದು ಆ ತಲೆನೋವು ತಂದುಕೊಳ್ಳುವುದು ಬೇಡ.

ನೆನಪಿಡಿ

ಹೊಸ ಪ್ರಿಂಟರ್ ಕೊಳ್ಳುವ ಮೊದಲು, ರೂಟರಿನವರನ್ನು ಕರೆಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಎರಡೂ ಸಾಧನಗಳು ಒಂದೇ ನೆಟ್‌ವರ್ಕಿನಲ್ಲಿವೆಯೇ? ‘5 ಗಿಗಾಹರ್ಟ್ಸ್ ಆಫ್ ಮಾಡಿ, ಪಾಸ್‌ವರ್ಡ್ ತೆಗೆಯಿರಿ’ ಎಂಬ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದರೆ ಅದನ್ನು ಮುಂದೆ ಕಳಿಸುವ ಬದಲು, ಅಲ್ಲೇ ಈ ಪ್ರಶ್ನೆಯನ್ನು ಬರೆದು ಉತ್ತರಿಸಿ.