ಹಿಂಬದಿ ಡ್ರಮ್ ಬ್ರೇಕ್: ದೋಷ ಗುರುತಿಸುವುದು ಹೇಗೆ, ದುರಸ್ತಿ ಹೇಗೆ?

ಕಾರಿನ ಮುಂದಿನ ಚಕ್ರಗಳ ಡಿಸ್ಕ್ ಬ್ರೇಕ್ ಹೊರಗಿನಿಂದಲೇ ಕಣ್ಣಿಗೆ ಬೀಳುತ್ತದೆ. ಹಿಂದಿನ ಚಕ್ರಗಳ ಡ್ರಮ್ ಬ್ರೇಕ್ ಹಾಗಲ್ಲ. ಅದರ ಎಲ್ಲ ಭಾಗಗಳೂ ಮುಚ್ಚಿದ ಕಬ್ಬಿಣದ ಡ್ರಮ್‌ನೊಳಗೆ ಅಡಗಿರುತ್ತವೆ. ಒಳಗೆ ಲೈನಿಂಗ್ ಸವೆದಿದ್ದರೂ, ಆಯಿಲ್ ಸೋರುತ್ತಿದ್ದರೂ, ಸ್ಪ್ರಿಂಗ್ ಮುರಿದಿದ್ದರೂ ಡ್ರಮ್ ಬಿಚ್ಚುವ ತನಕ ಯಾರಿಗೂ ಕಾಣದು.

ಸ್ವಂತ ಬಳಕೆಯ ಹೊಸ ಕಾರಿನ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ. ಟ್ಯಾಕ್ಸಿ, ಬಸ್ಸು, ಲಾರಿಗಳಂತೆ ನಿಯತವಾಗಿ ಯೋಗ್ಯತಾ ಪತ್ರ ಪಡೆಯುವ ಕಟ್ಟುಪಾಡು ಅದಕ್ಕಿಲ್ಲ. ಹೊಗೆ ತಪಾಸಣೆಯಲ್ಲಿ ಬ್ರೇಕ್ ನೋಡುವುದಿಲ್ಲ. ಹೀಗಾಗಿ ಮಾಲೀಕನೇ ಕೇಳಿ ಬಿಚ್ಚಿಸದ ಹೊರತು ವರ್ಷಗಟ್ಟಲೆ ಡ್ರಮ್ ತೆರೆಯದೆ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಡ್ರಮ್ ಒಳಗಿನ ಬಹುತೇಕ ದೋಷಗಳು ಅಪಾಯದ ಹಂತ ಮುಟ್ಟುವ ಮುನ್ನ ಸದ್ದು, ವಾಸನೆ ಅಥವಾ ಪೆಡಲ್‌ನ ವರ್ತನೆಯ ಮೂಲಕ ಸೂಚನೆ ಕೊಡುತ್ತವೆ. ಅದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವೇನಲ್ಲ.

ಭೀಮಾ ತೀರದ ರಸ್ತೆಗಳಲ್ಲಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನೆಲ ಡ್ರಮ್ ಬ್ರೇಕ್‌ಗೆ ಕಠಿಣ ಪರೀಕ್ಷೆ ಒಡ್ಡುವಂಥದ್ದು. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂತಹ ಹಳ್ಳಿಗಳ ಸುತ್ತ ತೊಗರಿ ಬೆಳೆಯುವ ಕಪ್ಪು ಮಣ್ಣಿನ ಹೊಲಗಳಿವೆ. ಬೇಸಿಗೆಯಲ್ಲಿ ಈ ಮಣ್ಣು ನುಣ್ಣನೆಯ ದೂಳಾಗಿ ಡ್ರಮ್‌ನ ಸಂದಿಯೊಳಗೆ ಸೇರುತ್ತದೆ. ಮಳೆಗಾಲದಲ್ಲಿ ಅಂಟು ಕೆಸರಾಗಿ ಚಕ್ರಕ್ಕೆ ಮೆತ್ತಿಕೊಂಡು, ಒಣಗಿ ಗಟ್ಟಿಯಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ. ಭೀಮಾ ನದಿ ಉಕ್ಕಿದರೆ ತೀರದ ರಸ್ತೆಗಳು ನೀರಿನಡಿ ಸೇರುತ್ತವೆ. 2020ರ ಅಕ್ಟೋಬರ್‌ನ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಜನ ಇದನ್ನು ಕಂಡಿದ್ದಾರೆ.

ಇದು ಸ್ಥಳೀಯರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಭೀಮಾ-ಅಮರ್ಜಾ ಸಂಗಮದ ಬಳಿಯ ದೇವಲ ಗಾಣಗಾಪುರಕ್ಕೆ ದತ್ತ ಭಕ್ತರು ರಾಜ್ಯದ ನಾನಾ ನಗರಗಳಿಂದ ಕಾರಿನಲ್ಲಿ ಬರುತ್ತಾರೆ. ನಗರದ ವಾಹನ ದಟ್ಟಣೆಯಲ್ಲಿ ಸವೆದ ಬ್ರೇಕ್, ಇಲ್ಲಿನ ದೂಳು ಮತ್ತು ಕೆಸರಿನಲ್ಲಿ ಕೈಕೊಡುವ ಸಂಭವ ಹೆಚ್ಚು.

ಡ್ರಮ್ ಒಳಗೇನಿದೆ?

ಫ್ರಾನ್ಸ್‌ನ ಲೂಯಿ ರೆನೋ 1902ರಲ್ಲಿ ರೂಪಿಸಿದ ತತ್ತ್ವವೇ ಇಂದಿನ ಡ್ರಮ್ ಬ್ರೇಕ್‌ಗೂ ಆಧಾರ. ಚಕ್ರದೊಂದಿಗೆ ಡ್ರಮ್ ತಿರುಗುತ್ತದೆ. ಅದರೊಳಗೆ ತಿರುಗದ ಬ್ಯಾಕ್ ಪ್ಲೇಟ್ ಮೇಲೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳು ಇರುತ್ತವೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್‌ನಿಂದ ಬರುವ ಆಯಿಲ್ ಒತ್ತಡಕ್ಕೆ ವೀಲ್ ಸಿಲಿಂಡರ್‌ನ ಪಿಸ್ಟನ್‌ಗಳು ಶೂಗಳನ್ನು ಹೊರಕ್ಕೆ ತಳ್ಳುತ್ತವೆ. ಶೂ ಮೇಲಿನ ಲೈನಿಂಗ್ ಡ್ರಮ್‌ನ ಒಳಮೈಗೆ ಉಜ್ಜಿ ವೇಗ ತಗ್ಗುತ್ತದೆ. ಪೆಡಲ್ ಬಿಟ್ಟಾಗ ಸ್ಪ್ರಿಂಗ್‌ಗಳು ಶೂಗಳನ್ನು ಹಿಂದಕ್ಕೆ ಎಳೆಯುತ್ತವೆ. ಲೈನಿಂಗ್ ಸವೆದಂತೆ ಅಂತರ ಸರಿದೂಗಿಸಲು ಅಡ್ಜಸ್ಟರ್ ಇರುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್ ಎಳೆಯುವುದೂ ಇದೇ ಶೂಗಳನ್ನು.

1983ರಿಂದ 2014ರವರೆಗೆ ತಯಾರಾದ ಮಾರುತಿ 800 ಮುಂದೆ ಡಿಸ್ಕ್, ಹಿಂದೆ ಡ್ರಮ್ ಹೊಂದಿತ್ತು. ಆಲ್ಟೊ, ವ್ಯಾಗನ್ ಆರ್, ಟಿಯಾಗೊ ಮುಂತಾದ ಚಿಕ್ಕ ಕಾರುಗಳಲ್ಲಿ ಈಗಲೂ ಅದೇ ವ್ಯವಸ್ಥೆ. ಅಷ್ಟೇಕೆ, ಫೋಕ್ಸ್‌ವ್ಯಾಗನ್ ಕಂಪನಿ 2020ರಲ್ಲಿ ಬಿಡುಗಡೆ ಮಾಡಿದ ಐಡಿ.4 ವಿದ್ಯುತ್ ಕಾರಿನ ಹಿಂಬದಿಗೂ ಡ್ರಮ್ ಬ್ರೇಕನ್ನೇ ಅಳವಡಿಸಿತು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳಿಗೇ ಹೆಚ್ಚಿನ ಕೆಲಸ. ಹಿಂದಿನವು ಕಾರಿನ ನಡೆಯನ್ನು ನೇರವಾಗಿ ಇರಿಸುತ್ತವೆ. ಒಂದು ಬದಿಯ ಡ್ರಮ್ ಹಿಡಿದು ಇನ್ನೊಂದು ಬದಿಯದು ಹಿಡಿಯದಿದ್ದರೆ, ಒದ್ದೆ ರಸ್ತೆಯಲ್ಲಿ ಕಾರಿನ ಹಿಂಭಾಗ ಅಡ್ಡ ತಿರುಗಿ ಅಪಘಾತಕ್ಕೆ ದಾರಿಯಾಗಬಹುದು.

ಲಕ್ಷಣಗಳು ಮತ್ತು ಕಾರಣಗಳು

*ಪೆಡಲ್ ಆಳಕ್ಕೆ ಹೋಗುವುದು:* ಒಂದೆರಡು ಬಾರಿ ಬೇಗ ಬೇಗ ಒತ್ತಿದಾಗ ಪೆಡಲ್ ಮೇಲೆ ಬಂದರೆ ಶೂ ಮತ್ತು ಡ್ರಮ್ ನಡುವಿನ ಅಂತರ ಹೆಚ್ಚಿರುವ ಸಂಭವವಿದೆ. ಲೈನಿಂಗ್ ಸವೆದಿರಬಹುದು, ಇಲ್ಲವೇ ಅಡ್ಜಸ್ಟರ್ ತುಕ್ಕು ಹಿಡಿದು ನಿಂತಿರಬಹುದು.

*ಪೆಡಲ್ ಸ್ಪಂಜಿನಂತೆ ಮೆತ್ತಗಾಗುವುದು:* ಪೈಪ್‌ನೊಳಗೆ ಗಾಳಿ ಸೇರಿರುವ ಲಕ್ಷಣ.

*ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಇಳಿಯುವುದು:* ಎಲ್ಲೋ ಆಯಿಲ್ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಸೀಲ್ ಕೆಟ್ಟಿದೆ. ಇಂಥ ಕಾರನ್ನು ಮುಂದೆ ಓಡಿಸಬಾರದು.

*ಲೋಹ ಉಜ್ಜುವ ಸದ್ದು:* ಲೈನಿಂಗ್ ಪೂರ್ತಿ ಸವೆದು ಶೂನ ಕಬ್ಬಿಣ ಡ್ರಮ್‌ಗೆ ತಾಗುತ್ತಿದೆ. ತಡಮಾಡಿದಷ್ಟೂ ಡ್ರಮ್ ಹಾಳು. ದೂಳು ತುಂಬಿದಾಗ ಬರುವ ಕಿರುಗುಟ್ಟುವ ಸದ್ದು ಬೇರೆ, ಅದು ಶುಚಿಗೊಳಿಸಿದರೆ ಹೋಗುತ್ತದೆ.

*ಸುಟ್ಟ ವಾಸನೆ, ಒಂದೇ ಚಕ್ರ ಬಿಸಿಯಾಗುವುದು:* ಆ ಚಕ್ರದ ಶೂ ಹಿಂದಕ್ಕೆ ಸರಿಯದೆ ಹಿಡಿದುಕೊಂಡಿದೆ. ಸ್ಪ್ರಿಂಗ್ ಸಡಿಲವಾಗಿರುವುದು, ಪಿಸ್ಟನ್ ಅಥವಾ ಹ್ಯಾಂಡ್ ಬ್ರೇಕ್ ಕೇಬಲ್ ಜಾಮ್ ಆಗಿರುವುದು ಕಾರಣ. ಬಿಸಿ ತಿಳಿಯಲು ಅಂಗೈಯನ್ನು ಚಕ್ರದ ಸಮೀಪ ಹಿಡಿದರೆ ಸಾಕು, ಡ್ರಮ್ ಮುಟ್ಟಬಾರದು.

*ಚಕ್ರದ ಒಳಮಗ್ಗುಲಲ್ಲಿ ಒದ್ದೆ ಕಲೆ:* ವೀಲ್ ಸಿಲಿಂಡರ್ ಸೋರಿಕೆಯ ಗುರುತು. ಆಂಬಾಸಿಡರ್, ಓಮ್ನಿಯಂತಹ ಹಿಂದಿನ ಚಕ್ರ ಚಾಲಿತ ವಾಹನಗಳಲ್ಲಿ ಆಕ್ಸಲ್‌ನ ಆಯಿಲ್ ಸೀಲ್ ಹರಿದು ಗೇರ್ ಆಯಿಲ್ ಒಳಬಂದಿರಲೂಬಹುದು. ಅಂಥಲ್ಲಿ ಸೀಲ್ ಬದಲಿಸದೆ ಶೂ ಮಾತ್ರ ಬದಲಿಸಿದರೆ ಹೊಸ ಶೂ ಕೂಡ ಹಾಳಾಗುತ್ತದೆ.

*ಬ್ರೇಕ್ ಹಾಕಿದಾಗ ಆಸನದಲ್ಲಿ ಅದುರು:* ಡ್ರಮ್‌ನ ಒಳಮೈ ದುಂಡು ಕಳೆದುಕೊಂಡಿದೆ.

*ಹ್ಯಾಂಡ್ ಬ್ರೇಕ್ ಲಿವರ್ ಬಹಳ ಮೇಲಕ್ಕೆ ಬರುವುದು:* ಇದಕ್ಕೆ ಕೇಬಲ್ ಬಿಗಿ ಮಾಡಿ ಕಳುಹಿಸುವುದು ಸಾಮಾನ್ಯ ತಪ್ಪು. ಲಿವರ್ ಸಡಿಲವಾಗಲು ಬಹುಪಾಲು ಕಾರಣ ಸವೆದ ಲೈನಿಂಗ್ ಅಥವಾ ಕೆಲಸ ಮಾಡದ ಅಡ್ಜಸ್ಟರ್. ಮೊದಲು ಶೂಗಳ ಅಂತರ ಸರಿಪಡಿಸಿ, ಆನಂತರವೇ ಕೇಬಲ್‌ಗೆ ಕೈ ಹಾಕಬೇಕು. ಇಲ್ಲದಿದ್ದರೆ ಬಿಗಿದ ಕೇಬಲ್ ಅಡ್ಜಸ್ಟರ್‌ನ ಕೆಲಸವನ್ನು ತಡೆಯುತ್ತದೆ. ಶೂ ಸದಾ ಡ್ರಮ್‌ಗೆ ತಾಗುತ್ತಿರುತ್ತದೆ.

ಬಿಚ್ಚುವ ಮುನ್ನ

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಬೇಕು. ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಬೇಕು. ಜಾಕ್ ಎತ್ತಲಿಕ್ಕೆ ಮಾತ್ರ. ಎತ್ತಿದ ಭಾರವನ್ನು ಸ್ಟ್ಯಾಂಡ್ ಮೇಲೆ ಇಳಿಸಬೇಕು. ಕಪ್ಪು ಮಣ್ಣಿನ ನೆಲದಲ್ಲಿ ಜಾಕ್ ಕುಸಿಯುವ ಅಪಾಯವಿರುವುದರಿಂದ ಅಡಿಗೆ ಅಗಲವಾದ ಹಲಗೆ ಇಡುವುದು ಅಗತ್ಯ. ಇಷ್ಟಾದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸಬೇಕು, ಇಲ್ಲವಾದರೆ ಡ್ರಮ್ ಹೊರಬರುವುದಿಲ್ಲ.

ಹಳೆಯ ಡ್ರಮ್‌ನ ಅಂಚಿನಲ್ಲಿ ಸವಕಳಿಯಿಂದ ಏರು ಮೂಡಿ ಶೂಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಆಗ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಬೇಕು. ಅನೇಕ ಡ್ರಮ್‌ಗಳಲ್ಲಿ ಮರೆಯುಳ್ಳ ಎರಡು ರಂಧ್ರಗಳಿರುತ್ತವೆ. ಅವುಗಳಿಗೆ ಬೋಲ್ಟ್ ಹಾಕಿ ಸಮನಾಗಿ ತಿರುಗಿಸಿದರೆ ಡ್ರಮ್ ತಾನಾಗಿ ಕಳಚುತ್ತದೆ. ಎರಕದ ಕಬ್ಬಿಣವಾದ್ದರಿಂದ ಅಂಚಿಗೆ ಸುತ್ತಿಗೆಯಿಂದ ಬಡಿದರೆ ಬಿರುಕು ಬಿಡಬಹುದು. ಕೆಲವು ಚಿಕ್ಕ ಕಾರುಗಳ ಡ್ರಮ್‌ನಲ್ಲೇ ಚಕ್ರದ ಬೇರಿಂಗ್ ಇರುವುದರಿಂದ ನಡುವಿನ ನಟ್ ಬಿಚ್ಚಬೇಕಾಗುತ್ತದೆ. ಅದನ್ನು ಮತ್ತೆ ಕಂಪನಿ ಸೂಚಿಸಿದ ಬಿಗಿಗೇ ತರಬೇಕು.

ಮಾರಕ ದೂಳು

ಡ್ರಮ್ ತೆರೆದ ಕೂಡಲೇ ಕಂಪ್ರೆಸರ್ ಗಾಳಿ ಹಾಯಿಸಿ ದೂಳು ಹಾರಿಸುವ ರೂಢಿಯನ್ನು ಕೈಬಿಡಲೇಬೇಕು. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಬಳಕೆ ವ್ಯಾಪಕವಾಗಿತ್ತು. ಅದರ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶ ಸೇರಿದರೆ ಆಸ್ಬೆಸ್ಟೋಸಿಸ್, ಕ್ಯಾನ್ಸರ್‌ನಂತಹ ರೋಗಗಳು ಹಲವು ದಶಕಗಳ ನಂತರವೂ ಕಾಣಿಸಿಕೊಳ್ಳಬಲ್ಲವು. ಐರೋಪ್ಯ ಒಕ್ಕೂಟ 2005ರಿಂದ ಆಸ್ಬೆಸ್ಟಾಸ್ ಬಳಕೆಯನ್ನು ನಿಷೇಧಿಸಿದೆ. ಹೊಸ ಶೂ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಆಸ್ಬೆಸ್ಟಾಸ್ ರಹಿತ ಎಂಬ ಗುರುತು ಇದೆಯೇ ಎಂದು ನೋಡುವುದು ಒಳಿತು. ಹಳೆಯ ಲೈನಿಂಗ್‌ನಲ್ಲಿ ಏನಿದೆ ಎಂಬುದು ನೋಟದಿಂದ ತಿಳಿಯದು. ಆದ್ದರಿಂದ ಮೊದಲು ಬ್ರೇಕ್ ಕ್ಲೀನರ್ ಅಥವಾ ಸಾಬೂನು ನೀರಿನಿಂದ ದೂಳನ್ನು ಒದ್ದೆ ಮಾಡಿ, ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ದೂಳು ತಡೆಯುವ ಮುಖಗವಸು ಇರಲೇಬೇಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರ ಮಟ್ಟಿಗೆ ಇದು ಜೀವದ ಪ್ರಶ್ನೆ.

ಪರೀಕ್ಷೆ ಮತ್ತು ದುರಸ್ತಿ

ಲೈನಿಂಗ್ ಎಷ್ಟು ಉಳಿದಿರಬೇಕು ಎಂಬ ಮಿತಿ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಸಾಮಾನ್ಯವಾಗಿ 1ರಿಂದ 2 ಮಿ.ಮೀ.ಗೆ ಇಳಿದರೆ ಬದಲಾವಣೆ ಅನಿವಾರ್ಯ. ರಿವೆಟ್ ಹೊಡೆದ ಲೈನಿಂಗ್ ಆದರೆ ರಿವೆಟ್ ತಲೆಯಿಂದ ಮೇಲಿನ ದಪ್ಪವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಯಿಲ್ ಹೀರಿದ ಲೈನಿಂಗನ್ನು ಪೆಟ್ರೋಲ್‌ನಲ್ಲಿ ತೊಳೆದು ಅಥವಾ ಬೆಂಕಿಗೆ ಹಿಡಿದು ಮರಳಿ ಹಾಕುವುದು ಉಳಿತಾಯವಲ್ಲ. ಮೇಲ್ಮೈ ಒಣಗಿದಂತೆ ಕಂಡರೂ ಬ್ರೇಕ್ ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಹೊರಬರುತ್ತದೆ.

ಡ್ರಮ್‌ನ ಗರಿಷ್ಠ ವ್ಯಾಸ ಅದರ ಮೇಲೆಯೇ ಕೆತ್ತಿರುತ್ತದೆ. ಗೀರು ಬಿದ್ದ ಡ್ರಮ್‌ಗೆ ಲೇತ್ ಹಿಡಿಸಬಹುದು, ಆದರೆ ಆ ಮಿತಿಯೊಳಗೆ ಮಾತ್ರ. ಮಿತಿ ಮೀರಿದ ಡ್ರಮ್ ತೆಳುವಾಗಿ ಬೇಗ ಕಾಯುತ್ತದೆ, ಕಾದಾಗ ಹಿಗ್ಗಿ ಪೆಡಲ್ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಬಿರುಕು ಬಿಟ್ಟ ಡ್ರಮ್ ಗುಜರಿಗೇ ಸರಿ.

ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಸರಿಸಿ ನೋಡಬೇಕು. ಒಳಗೆ ಆಯಿಲ್ ತುಂಬಿದ್ದರೆ ಸಿಲಿಂಡರ್ ಬದಲಿಸುವುದು ಸೂಕ್ತ. ಶೂಗಳನ್ನು ಎರಡೂ ಚಕ್ರಗಳಿಗೆ ಒಟ್ಟಿಗೇ ಬದಲಿಸಬೇಕು. ಒಂದೇ ಬದಿಗೆ ಹೊಸದು ಹಾಕಿದರೆ ಹಿಡಿತದಲ್ಲಿ ವ್ಯತ್ಯಾಸ ಬರುತ್ತದೆ. ಆದರೆ ಎರಡೂ ಬದಿಗಳನ್ನು ಏಕಕಾಲಕ್ಕೆ ಬಿಚ್ಚಬಾರದು. ಒಂದನ್ನು ಜೋಡಿಸಿದ ಬಳಿಕ ಇನ್ನೊಂದನ್ನು ತೆರೆದರೆ ಸ್ಪ್ರಿಂಗ್‌ಗಳ ಸ್ಥಾನ ತಿಳಿಯಲು ಮಾದರಿ ಕಣ್ಣೆದುರೇ ಇರುತ್ತದೆ. ಎಡ, ಬಲ ಬದಿಗಳ ಅಡ್ಜಸ್ಟರ್‌ಗಳು ಅದಲುಬದಲಾಗದಂತೆ ನೋಡಿಕೊಳ್ಳಬೇಕು.

ಬ್ಯಾಕ್ ಪ್ಲೇಟ್ ಮೇಲೆ ಶೂ ಜಾರುವ ಜಾಗಗಳಿಗೆ ಶಾಖ ತಾಳುವ ಗ್ರೀಸ್ ತೆಳುವಾಗಿ ಸವರಬೇಕು. ಲೈನಿಂಗ್‌ಗಾಗಲಿ, ಡ್ರಮ್‌ನ ಒಳಮೈಗಾಗಲಿ ಅದು ತಾಗಕೂಡದು. ಬ್ಯಾಕ್ ಪ್ಲೇಟ್‌ನ ರಂಧ್ರಗಳಿಗೆ ರಬ್ಬರ್ ಬಿರಡೆ ಹಾಕುವುದನ್ನು ಮರೆತರೆ ಕೆಸರು ನೇರವಾಗಿ ಒಳಸೇರುತ್ತದೆ. ಕಪ್ಪು ಮಣ್ಣಿನ ಸೀಮೆಯಲ್ಲಿ ಈ ಪುಟ್ಟ ಬಿರಡೆಯ ಮಹತ್ವ ದೊಡ್ಡದು.

ಬ್ರೇಕ್ ಆಯಿಲ್

ಸಿಲಿಂಡರ್ ಬದಲಿಸಿದ ಮೇಲೆ ಪೈಪ್‌ನಲ್ಲಿ ಸೇರಿದ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಬ್ಲೀಡರ್ ಸ್ಕ್ರೂ ಸಡಿಲಿಸಿ, ಮತ್ತೆ ಬಿಗಿ ಮಾಡಿದ ನಂತರವೇ ಪೆಡಲ್ ಬಿಡಬೇಕು. ಗುಳ್ಳೆ ಬರುವುದು ನಿಲ್ಲುವ ತನಕ ಇದನ್ನು ಪುನರಾವರ್ತಿಸಬೇಕು. ಮೇಲಿನ ಡಬ್ಬಿಯಲ್ಲಿ ಆಯಿಲ್ ಬರಿದಾಗಲು ಬಿಡಬಾರದು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದಾಗ ಅದರ ಕನಿಷ್ಠ ಮಟ್ಟ 140 ಡಿಗ್ರಿ. ಡಾಟ್ 4ರಲ್ಲಿ ಇವು ಕ್ರಮವಾಗಿ 230 ಮತ್ತು 155 ಡಿಗ್ರಿ. ಆಯಿಲ್ ಕುದ್ದು ಆವಿಯಾದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾವಣೆ ಎಂಬುದು ಸಾಮಾನ್ಯ ನಿಯಮ. ಎಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆಯ ಲವಲೇಶ ಸೇರಿದರೂ ರಬ್ಬರ್ ಸೀಲ್‌ಗಳು ಉಬ್ಬಿ ಕೆಡುತ್ತವೆ.

ನೀರು ದಾಟಿದ ಬಳಿಕ

ಹರಿಯುವ ನೀರಿಗೆ ಕಾರು ಇಳಿಸಬಾರದು ಎಂಬುದು ಮೊದಲ ಮಾತು. ನಿಂತ ನೀರು ದಾಟಿದ ನಂತರ ಡ್ರಮ್ ಒಳಗೆ ತೇವ ಉಳಿದು ಹಿಡಿತ ತಗ್ಗುತ್ತದೆ. ನಿಧಾನವಾಗಿ ಸಾಗುತ್ತ, ಹಿಂದೆ ವಾಹನವಿಲ್ಲದಿರುವುದನ್ನು ನೋಡಿಕೊಂಡು ಪೆಡಲನ್ನು ಹಗುರವಾಗಿ ಹಲವು ಬಾರಿ ಒತ್ತಿದರೆ ಲೈನಿಂಗ್ ಒಣಗುತ್ತದೆ. ಒದ್ದೆ ಕಾರನ್ನು ಹ್ಯಾಂಡ್ ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ತುಕ್ಕಿನಿಂದ ಶೂ ಡ್ರಮ್‌ಗೆ ಅಂಟಿಕೊಳ್ಳಬಹುದು. ಸಮತಟ್ಟಾದ ಜಾಗದಲ್ಲಾದರೆ ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಮೇಲು.

ಯಾವಾಗ ತಪಾಸಣೆ?

ದುರಸ್ತಿಯ ನಂತರ ಖಾಲಿ ಬಯಲಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಬ್ರೇಕ್ ಪರೀಕ್ಷಿಸಿ, ಕಾರು ನೇರವಾಗಿ ನಿಲ್ಲುವುದನ್ನು ಖಚಿತಪಡಿಸಿಕೊಂಡೇ ರಸ್ತೆಗೆ ಇಳಿಯಬೇಕು. ಹೊಸ ಲೈನಿಂಗ್ ಹೊಂದಿಕೊಳ್ಳಲು ಕೆಲವು ನೂರು ಕಿ.ಮೀ. ಬೇಕಾಗುವುದರಿಂದ ಅಲ್ಲಿಯವರೆಗೆ ಅನಗತ್ಯವಾಗಿ ಜೋರಾಗಿ ಬ್ರೇಕ್ ಹಾಕಬಾರದು. ಅನುಭವವಿಲ್ಲದವರು ಲಕ್ಷಣ ಗುರುತಿಸುವಲ್ಲಿಗೆ ನಿಲ್ಲಿಸಿ, ಬಿಚ್ಚುವ ಕೆಲಸವನ್ನು ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಜಾಣತನ.

ದೂಳು, ಕೆಸರಿನ ರಸ್ತೆಗಳಲ್ಲಿ ಓಡುವ ಕಾರುಗಳಿಗೆ ಕೈಪಿಡಿಗಳು ಸಾಮಾನ್ಯಕ್ಕಿಂತ ಕಡಿಮೆ ಅಂತರದ ತಪಾಸಣೆ ಸೂಚಿಸುತ್ತವೆ. ಆಳಂದ, ಅಫಜಲಪುರ, ಜೇವರ್ಗಿ ಭಾಗದ ಕಾರುಗಳಿಗೆ ವರ್ಷದಲ್ಲಿ ಎರಡು ಬಾರಿ, ಅಂದರೆ ಮುಂಗಾರಿಗೆ ಮುನ್ನ ಮತ್ತು ಮಳೆ ನಿಂತ ಮೇಲೆ ಡ್ರಮ್ ಬಿಚ್ಚಿಸುವುದು ಕ್ಷೇಮ. ಸರ್ವಿಸ್‌ಗೆ ಬಿಡುವಾಗ 'ಬ್ರೇಕ್ ನೋಡಿ' ಎಂದಷ್ಟೇ ಹೇಳದೆ, 'ಹಿಂದಿನ ಡ್ರಮ್ ಬಿಚ್ಚಿ ಲೈನಿಂಗ್ ತೋರಿಸಿ' ಎಂದು ಕೇಳುವುದು ಮಾಲೀಕನ ಹಕ್ಕು.