ಕೋಸಂಬರಿಗೆ ಕೋಸು ಬಂದ ಬಗೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಿಂದ ದೂರವಾಣಿ ಮಾಡಿದ್ದ. ಅವನ ಮಗಳು ಮನೆಯಲ್ಲಿಯೇ ಕೋಲ್‌ಸ್ಲಾ ಮಾಡಿದ್ದಳಂತೆ. ಎಲೆಕೋಸನ್ನು ಎಳೆ ಎಳೆಯಾಗಿ ಹೆಚ್ಚಿ, ಕ್ಯಾರೆಟ್ ತುರಿದು ಹಾಕಿ, ಮಯೊನೇಸ್ ಬೆರೆಸಿ ಕಲಸಿದ ಹಸಿ ಪದಾರ್ಥವದು. “ಸಾರ್, ಅದು ಕೋಲ್‌ಸ್ಲಾ, ನಮ್ಮದು ಕೋಸಂಬರಿ. ಎರಡರಲ್ಲೂ ಕೋಸು ಇದೆ. ಎರಡಕ್ಕೂ ಮೂಲ ಒಂದೇ ಇರಬಹುದೇ?” ಎಂದು ಕೇಳಿದ. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ವರ್ಷವಿಡೀ ಒಂದು ಪ್ರಶ್ನೆಯನ್ನೂ ಕೇಳದಿದ್ದ ಹುಡುಗ ಮೂವತ್ತು ವರ್ಷಗಳ ಮೇಲೆ ಕೇಳಿದ ಪ್ರಶ್ನೆಯಿದು. ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಅಲ್ಲದೆ, ಕೋಸಂಬರಿಯ ಮಾತು ಬಂದರೆ ನಮ್ಮ ಮನೆಯ ಒಂದು ಹಳೆಯ ಪ್ರಸಂಗ ನನಗೆ ನೆನಪಾಗದೆ ಇರುವುದಿಲ್ಲ.

ಮೊದಲು ಹೆಸರಿನ ವಿಚಾರ. ಕೋಸಂಬರಿಯ ‘ಕೋಸು’ ಎಲೆಕೋಸಲ್ಲ. ಸಂಸ್ಕೃತದಲ್ಲಿ ಕುಸ್ತುಂಬರಿ ಎಂದರೆ ಕೊತ್ತಂಬರಿ. ಕೋಸಂಬರಿ ಎಂಬ ಮಾತೂ ಅದರಿಂದಲೇ ಹುಟ್ಟಿತೆಂದು ಹೇಳುತ್ತಾರೆ. ಮರಾಠಿಯಲ್ಲಿ ಕೊತ್ತಂಬರಿಗೆ ಕೋಥಿಂಬೀರ್ ಎಂದೂ ಕೋಸಂಬರಿಗೆ ಕೋಶಿಂಬೀರ್ ಎಂದೂ ಹೆಸರಿರುವುದನ್ನು ನೋಡಿದರೆ ಈ ನಂಟು ಸುಲಭವಾಗಿ ಮನಸ್ಸಿಗೆ ಹಿಡಿಸುತ್ತದೆ. ಕೋಲ್‌ಸ್ಲಾ ಎಂಬುದು ಡಚ್ಚರ ಮಾತು. ಅವರ ಭಾಷೆಯಲ್ಲಿ ಕೋಲ್ ಎಂದರೆ ಎಲೆಕೋಸು, ಸ್ಲಾ ಎಂಬುದು ಸಲಾಡ್ ಎಂಬುದರ ಮೊಟಕು ರೂಪ. ನ್ಯೂಯಾರ್ಕಿನ ಸುತ್ತ ನೆಲೆಸಿದ್ದ ಡಚ್ಚರಿಂದ ಅದನ್ನು ಕಲಿತ ಇಂಗ್ಲಿಷರು ‘ಕೋಲ್’ ಎಂಬುದನ್ನು ‘ಕೋಲ್ಡ್’ ಎಂದು ಕೇಳಿಸಿಕೊಂಡು ಬಹುಕಾಲ ‘ಕೋಲ್ಡ್ ಸ್ಲಾ’ ಎಂದೇ ಕರೆದರು. ಭಾಷೆ ಯಾವುದಾದರೂ ತಪ್ಪಾಗಿ ಕೇಳಿಸಿಕೊಳ್ಳುವ ಕಿವಿ ಎಲ್ಲೆಡೆಯೂ ಒಂದೇ.

ಹೀಗೆ ಎರಡೂ ಬೇರೆ ಬೇರೆ. ಆದರೆ ಎಲೆಕೋಸು ನಮ್ಮ ಕೋಸಂಬರಿಯೊಳಗೆ ಬಂದು ಕುಳಿತದ್ದಂತೂ ನಿಜ. ಬಂದದ್ದು ಯಾವಾಗ?

ಕೋಸಂಬರಿಯ ಬೆನ್ನೆಲುಬಾದ ಹೆಸರುಬೇಳೆ ಈ ನೆಲದ್ದೇ. ಬಳ್ಳಾರಿ ಬಳಿಯ ಸಂಗನಕಲ್ಲು ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾದ ಹೆಸರುಕಾಳು, ಹುರುಳಿಕಾಳುಗಳು ದೊರೆತಿವೆ. ಅವುಗಳ ವಯಸ್ಸು ಸುಮಾರು 4000 ವರ್ಷ. ಸೌತೆಯೂ ಭಾರತದ್ದೇ, ಹಿಮಾಲಯದ ತಪ್ಪಲಿನದು. ಅಡುಗೆಯ ಬಗ್ಗೆ ಬರೆದವರು ಕನ್ನಡ ನಾಡಿನಲ್ಲಿ ಬಹಳ ಹಿಂದಿನಿಂದಲೂ ಇದ್ದಾರೆ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರದ ಭಾಗವಿದೆ. ಮುಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಬಂದಿತು. 1508ರ ಸುಮಾರಿನಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದು ಬದನೆ, ಬಾಳೆ, ಹಲಸು, ಕಳಲೆಗಳ ಅಡುಗೆಯನ್ನು ಬಾಯಲ್ಲಿ ನೀರೂರುವಂತೆ ವರ್ಣಿಸಿದನು. ಇವರಾರಿಗೂ ನಮ್ಮ ಎಲೆಕೋಸಾಗಲಿ ಹಸಿಮೆಣಸಿನಕಾಯಾಗಲಿ ಗೊತ್ತಿರಲಿಲ್ಲ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ತುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮಂಗರಸನು ಬದನೆಯನ್ನು ಹೊಗಳುತ್ತಿದ್ದ ಕಾಲಕ್ಕೇ ನಮ್ಮ ಅಡುಗೆಮನೆಯನ್ನು ಬದಲಿಸಲಿದ್ದ ಹಡಗುಗಳು ಪಡುವಣ ಕರಾವಳಿಗೆ ಬಂದು ನಿಂತಿದ್ದವು.

ನಮ್ಮ ಕಡೆಗೆ ಎಲೆಕೋಸನ್ನು ತಂದುಕೊಟ್ಟದ್ದು ಮುಖ್ಯವಾಗಿ ಬೆಂಗಳೂರು. 1809ರಲ್ಲಿ ಇಂಗ್ಲಿಷರ ದಂಡು ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಬಂದಿತು. ದಂಡಿನವರ ಊಟಕ್ಕೆ ಅವರ ಊರಿನ ತರಕಾರಿಗಳೇ ಬೇಕು. ಬೆಂಗಳೂರಿನ ತಂಪು ಹವೆ ಅವುಗಳಿಗೆ ಒಗ್ಗಿತು. ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಸೀಮೆಬದನೆಯನ್ನು ಪರಿಚಯಿಸಿದರೆಂದು ಪ್ರಸಿದ್ಧಿ. ಹೀಗೆ ಹೊರಗಿನಿಂದ ಬಂದುದಕ್ಕೆಲ್ಲ ನಮ್ಮ ಜನ ‘ಸೀಮೆ’ ಎಂದು ಮುಂದೆ ಸೇರಿಸಿದರು: ಸೀಮೆಬದನೆ, ಸೀಮೆಎಣ್ಣೆ, ಸೀಮೆಹಸು. ನಾನು ಮೂವತ್ತೈದು ವರ್ಷ ಬೆರಳಿನಲ್ಲಿ ಹಿಡಿದದ್ದೂ ಸೀಮೆಸುಣ್ಣವನ್ನೇ.

ಇನ್ನು ನಮ್ಮ ಮನೆಯ ಪ್ರಸಂಗ. ಬಂಧುಗಳಲ್ಲಿ ಹಿರಿಯರಾದ ಕೆಲವರಿಗೆ ನೆನಪಿರಬಹುದು. 1971ರ ರಾಮನವಮಿ, ನನಗೆ ಹನ್ನೊಂದು ವರ್ಷ. ದೊಡ್ಡಆಲಹಳ್ಳಿಯ ಮನೆಗೆ ಚಿಕ್ಕಮ್ಮ ಸೊಸೆಯಾಗಿ ಬಂದು ಅದೇ ಮೊದಲ ರಾಮನವಮಿ. ಬೆಂಗಳೂರಿನಲ್ಲಿ ಬೆಳೆದವರು. ತವರಿನಿಂದ ಬರುವಾಗ ಬಟ್ಟೆಯ ಚೀಲದಲ್ಲಿ ಎರಡು ಎಲೆಕೋಸು ತಂದಿದ್ದರು. ಅಜ್ಜಿ ಪಾನಕಕ್ಕೆ ಬೆಲ್ಲ ಕುಟ್ಟುತ್ತಿದ್ದಾಗ ಚಿಕ್ಕಮ್ಮ ಈಳಿಗೆಮಣೆಯ ಮೇಲೆ ಕುಳಿತು ಕೋಸನ್ನು ದಾರದಂತೆ ಹೆಚ್ಚಿ, ನೆನೆದ ಹೆಸರುಬೇಳೆಗೆ ಬೆರೆಸಿ, ದೊಡ್ಡ ಬೇಸಿನ್ ತುಂಬ ಕೋಸಂಬರಿ ಮಾಡಿದರು. ಅಜ್ಜಿ ಬಂದು ನೋಡಿ, “ದ್ಯಾವರ ಎಡೆಗೆ ಸೀಮೆ ಪದಾರ್ಥ ಬ್ಯಾಡ ಕಣವ್ವ” ಎಂದರು. ಗದರಲಿಲ್ಲ. ಅಷ್ಟೇ ಹೇಳಿ, ಬೇರೆ ಬೇಳೆ ನೆನೆಹಾಕಿ, ಸೌತೆಕಾಯಿ, ಮಾವಿನಕಾಯಿ ಹೆಚ್ಚಿ ತಾವೇ ಇನ್ನೊಂದು ಕೋಸಂಬರಿ ಮಾಡಿದರು. ಪಂಕ್ತಿಯಲ್ಲಿ ಬಡಿಸಿದ್ದು ಅದನ್ನೇ. ಚಿಕ್ಕಮ್ಮನ ಬೇಸಿನ್ ಒಲೆಯ ಪಕ್ಕದಲ್ಲಿ ಹಾಗೆಯೇ ಇತ್ತು. ಎಲ್ಲರ ಊಟವಾದ ಮೇಲೆ ನೀರು ಕುಡಿಯಲು ಒಳಗೆ ಹೋದ ನಾನು, ಅವರು ಗೋಡೆಯ ಕಡೆ ಮುಖಮಾಡಿ ಒಬ್ಬರೇ ಅದನ್ನು ತಿನ್ನುತ್ತಿದ್ದುದನ್ನು ಕಂಡೆ. ನನಗೂ ಒಂದು ಹಿಡಿ ಕೊಟ್ಟರು. ಅಂಥ ರುಚಿಯ ಕೋಸಂಬರಿಯನ್ನು ನಾನು ಆವರೆಗೆ ತಿಂದಿರಲಿಲ್ಲ. ಅಜ್ಜಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಅಜ್ಜಿಯನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವರು ಪಾಲಿಸಿದ್ದು ತಮ್ಮ ಹಿರಿಯರಿಂದ ಬಂದ ನಿಯಮವನ್ನು. ಇಂದಿಗೂ ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಎಲೆಕೋಸು ಹಾಕುವುದಿಲ್ಲ. ಆದರೆ ಇತಿಹಾಸ ಓದಿದ ಮೇಲೆ ನನಗೊಂದು ವಿಷಯ ಹೊಳೆಯಿತು. ಅಂದು ಅಜ್ಜಿ ದೇವರಿಗೆ ಇಟ್ಟ ಕೋಸಂಬರಿಯಲ್ಲಿ ಹಸಿಮೆಣಸಿನಕಾಯಿ ಇತ್ತು. ಅದು ಎಲೆಕೋಸಿಗಿಂತಲೂ ದೂರದಿಂದ ಬಂದದ್ದು. ಅಮೆರಿಕ ಖಂಡದ ಗಿಡ, ಪೋರ್ತುಗೀಸರ ಹಡಗಿನಲ್ಲಿ ಬಂದು ಕಾಳುಮೆಣಸಿನ ಹೆಸರನ್ನೇ ತನ್ನದಾಗಿಸಿಕೊಂಡಿತು. ಮೆಣಸು ಎಂದರೆ ನಮ್ಮ ಹಿಂದಿನವರಿಗೆ ಕಾಳುಮೆಣಸೊಂದೇ. ಸೀಮೆ ಎಂಬ ಗುರುತು ಅಂಟಿಸಿಕೊಳ್ಳದೆ ಒಳಗೆ ಬಂದದ್ದರಿಂದ ಅದನ್ನು ಯಾರೂ ಯಾವ ಊರಿನದೆಂದು ಕೇಳಲಿಲ್ಲ. ಇನ್ನೊಂದು ತಮಾಷೆಯೆಂದರೆ, ಅಜ್ಜಿ ಒಗ್ಗರಣೆಗೆ ಹಾಕಿದ ಸಾಸಿವೆಯೂ ಎಲೆಕೋಸೂ ಒಂದೇ ಕುಲದ ಸಸ್ಯಗಳು. ಸಾಸಿವೆಯ ಘಾಟು ಮತ್ತು ಬೇಯಿಸಿದ ಕೋಸಿನ ವಾಸನೆ, ಎರಡರ ಹಿಂದೆಯೂ ಇರುವುದು ಗಂಧಕವುಳ್ಳ ಒಂದೇ ಬಗೆಯ ರಾಸಾಯನಿಕಗಳು. ದೇವರ ಎಡೆಗೆ ಕೋಸಿನ ದಾಯಾದಿ ಮೊದಲೇ ತಲುಪಿತ್ತು!

ಅಜ್ಜಿ 1983ರಲ್ಲಿ ತೀರಿಕೊಳ್ಳುವವರೆಗೂ ಎಲೆಕೋಸು ತಿನ್ನಲಿಲ್ಲ. ಅಷ್ಟರಲ್ಲಿ ಮದುವೆಯ ಊಟಗಳಲ್ಲಿ ಕೋಸು, ಕ್ಯಾರೆಟ್ಟಿನ ಕೋಸಂಬರಿಯೇ ಎಲೆಯ ಮೇಲೆ ಮೊದಲು ಬೀಳತೊಡಗಿತ್ತು.

ಅಮೆರಿಕದ ಹುಡುಗನ ಮಗಳಿಗಾಗಿ ಚಿಕ್ಕಮ್ಮನನ್ನೇ ಕೇಳಿ ವಿಧಾನ ಬರೆದುಕೊಂಡೆ. ಅವರಿಗೀಗ ಎಪ್ಪತ್ತೈದು ದಾಟಿದೆ. ಅರ್ಧ ಬಟ್ಟಲು ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಬಸಿಯಬೇಕು. ಎರಡು ಬಟ್ಟಲು ಕೋಸನ್ನು ತುರಿಯದೆ, ಈಳಿಗೆಯಲ್ಲಿ ಅಥವಾ ಚಾಕುವಿನಲ್ಲಿ ಸಣ್ಣಗೆ ಹೆಚ್ಚಬೇಕು, ತುರಿದರೆ ಮೆತ್ತಗಾಗುತ್ತದೆ. ಕಾಯಿತುರಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಸಾಸಿವೆ ಇಂಗಿನ ಒಗ್ಗರಣೆ. ನಿಂಬೆರಸ ಮತ್ತು ಉಪ್ಪನ್ನು ಎಲೆ ಹಾಕಿದ ಮೇಲೆಯೇ ಬೆರೆಸಬೇಕು, ಏಕೆಂದರೆ ಉಪ್ಪು ಕೋಸಿನ ನೀರನ್ನೆಲ್ಲ ಹೊರಗೆಳೆಯುತ್ತದೆ. ಕೋಲ್‌ಸ್ಲಾದಲ್ಲಿ ಮಯೊನೇಸ್ ಕೊಡುವ ಜಿಡ್ಡನ್ನು ಇಲ್ಲಿ ತೆಂಗಿನಕಾಯಿ ಕೊಡುತ್ತದೆ, ವಿನೆಗರಿನ ಹುಳಿಯನ್ನು ನಿಂಬೆ ಕೊಡುತ್ತದೆ. ಆ ಹುಡುಗಿಗೆ ಇದು ಕಷ್ಟವಾಗಲಾರದು.

ಬರೆದುಕೊಂಡ ಮೇಲೆ, “ಈಗ ರಾಮನವಮಿಗೂ ಇದನ್ನೇ ಮಾಡುತ್ತೀರಾ ಚಿಕ್ಕಮ್ಮ?” ಎಂದು ಕೇಳಿದೆ.

“ಮಾಡ್ತೀನಿ. ಎಡೆಗೆ ಮಾತ್ರ ಸೌತೆಕಾಯ್ದು” ಎಂದರು. “ನಿಮ್ಮಜ್ಜಿ ಬ್ಯಾಡ ಅಂದಿದ್ರಲ್ಲಪ್ಪ.”